ನಿಂತಂತೆ ತೋರುವ ಚಕ್ರ

ಹೇಳಿದ ಮಾತು ತಡವಾಗಿ ತಲೆಗೆ ಹೋಗುವ ಮನುಷ್ಯನಿಗೆ ನಮ್ಮ ಜನ ‘ಟ್ಯೂಬ್‌ಲೈಟ್’ ಎಂಬ ಬಿರುದನ್ನು ದಯಪಾಲಿಸಿ ಬಹುಕಾಲವಾಯಿತು. ಗುಂಡಿ ಒತ್ತಿದ ಮೇಲೆ ಎರಡು ಮೂರು ಸಲ ಕಣ್ಣು ಮಿಟುಕಿಸಿ, ಆಲೋಚಿಸಿ, ಆಮೇಲೆ ಬೆಳಗುತ್ತಿದ್ದ ಆ ದೀಪ ಮನೆಗಳಿಂದ ಬಹುಮಟ್ಟಿಗೆ ನಿರ್ಗಮಿಸಿದೆ. ಪದ ಉಳಿದು ಪದಾರ್ಥ ಮರೆಯಾಗುವುದು ಭಾಷೆಗೆ ಹೊಸತೇನಲ್ಲ. ಆದರೆ ಸಣ್ಣ ಕಾರ್ಖಾನೆಗಳ ಸೂರಿನಿಂದ ಅದರ ಸಂಸಾರ ಇನ್ನೂ ಪೂರ್ತಿಯಾಗಿ ತೆರಳಿಲ್ಲ.

ಕಾರ್ಖಾನೆಯ ಯಜಮಾನರನ್ನು ಎಲ್‌ಇಡಿಯತ್ತ ಎಳೆಯುವುದು ಉಳಿತಾಯ. 40 ವಾಟಿನ ಹಳೆಯ ಟ್ಯೂಬು ಚೋಕ್ ಸೇರಿ ಸುಮಾರು 50 ವಾಟು ಬಯಸಿದರೆ, ಹೊಸದಕ್ಕೆ 20 ಸಾಕು. ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 300 ದಿನ ಉರಿಸಿದರೆ ಒಂದೊಂದು ದೀಪಕ್ಕೂ 72 ಯೂನಿಟ್ ಮಿಗುತ್ತದೆ. ಈ ಲೆಕ್ಕವನ್ನು ಯಾರೂ ಮಾಡಬಲ್ಲರು. ಕೈಬೆರಳುಗಳ ಲೆಕ್ಕವನ್ನು ಮಾಡುವವರು ವಿರಳ.

ವಿದ್ಯುತ್ತು ನಮ್ಮಲ್ಲಿ ಸೆಕೆಂಡಿಗೆ 50 ಆವರ್ತಗಳಂತೆ ಹರಿಯುವುದರಿಂದ, ಚೋಕಿನ ಟ್ಯೂಬು ಸೆಕೆಂಡಿಗೆ 100 ಸಲ ಮಂಕಾಗಿ ಮತ್ತೆ ಬೆಳಗುತ್ತದೆ. ಕಣ್ಣಿಗೆ ಇದು ತಿಳಿಯದು. ಆದರೆ ಲೇತಿನ ನಾಲ್ಕು ದವಡೆಯ ಚಕ್ಕು ನಿಮಿಷಕ್ಕೆ 1500 ಸುತ್ತು ತಿರುಗುತ್ತಿದೆಯೆನ್ನೋಣ. ಒಂದು ಮಿನುಗಿಗೂ ಇನ್ನೊಂದಕ್ಕೂ ನಡುವೆ ಅದು ಸರಿಯಾಗಿ ಕಾಲು ಸುತ್ತು ಸಾಗಿರುತ್ತದೆ. ಒಂದು ದವಡೆಯಿದ್ದ ಸ್ಥಾನಕ್ಕೆ ಮತ್ತೊಂದು ಬಂದಿರುತ್ತದೆ. ನೋಡುವವನಿಗೆ ಚಕ್ಕು ನಿಶ್ಚಲವಾಗಿ ನಿಂತಂತೆ ಕಾಣುತ್ತದೆ! ಸುತ್ತಲಿನ ಗದ್ದಲದಲ್ಲಿ ಕಿವಿಯೂ ನೆರವಿಗೆ ಬಾರದು. ನಿಂತಿದೆಯೆಂದು ಕೈ ಚಾಚಿದವನ ಪಾಡನ್ನು ವಿವರಿಸಬೇಕಾಗಿಲ್ಲ. ಇದನ್ನರಿತ ಹಿಂದಿನ ಇಂಜಿನಿಯರುಗಳು ಅಕ್ಕಪಕ್ಕದ ದೀಪಗಳನ್ನು ಮೂರು ಬೇರೆ ಬೇರೆ ಫೇಸುಗಳಿಗೆ ಜೋಡಿಸುತ್ತಿದ್ದರು; ಒಂದು ಮಂಕಾದಾಗ ಇನ್ನೊಂದು ಬೆಳಗುತ್ತಿತ್ತು.

ಎಲ್‌ಇಡಿ ಬಂದೊಡನೆ ಈ ಭಯ ತೊಲಗಿತೆಂದು ಭಾವಿಸುವಂತಿಲ್ಲ. ಟ್ಯೂಬಿನ ಒಳಲೇಪನದಲ್ಲಿ ಬೆಳಕು ಕ್ಷಣಕಾಲವಾದರೂ ತಂಗುತ್ತಿತ್ತು. ಅಗ್ಗದ ಡ್ರೈವರಿನ ಎಲ್‌ಇಡಿಯಲ್ಲಾದರೋ ಆ ಏರಿಳಿತ ಇನ್ನಷ್ಟು ತೀಕ್ಷ್ಣವಾಗಬಹುದು. ಕೊಳ್ಳುವ ಮುನ್ನ ಉರಿಯುವ ದೀಪದತ್ತ ಮೊಬೈಲಿನ ಕ್ಯಾಮೆರಾ ಹಿಡಿದು ನೋಡಿರಿ. ತೆರೆಯ ಮೇಲೆ ಕಪ್ಪು ಪಟ್ಟೆಗಳು ಓಡಾಡಿದರೆ ಆ ಸರಕು ಲೇತಿನ ನೆತ್ತಿಗೆ ತಕ್ಕುದಲ್ಲ.

ಇನ್ನು ಜೋಡಣೆಯ ಮಾತು. ಕೆಲವು ಹೊಸ ಟ್ಯೂಬುಗಳು ಹಳೆಯ ಚೋಕಿನೊಡನೆಯೇ ನಡೆಯುತ್ತವೆ. ಅವಕ್ಕೆ ಸ್ಟಾರ್ಟರನ್ನಷ್ಟೇ ಬದಲಿಸಬೇಕು. ಕೆಲವಕ್ಕೆ ಚೋಕನ್ನು ತೆಗೆದು ನೇರವಾಗಿ ತಂತಿ ಕೊಡಬೇಕು, ಅದೂ ಕೆಲವಕ್ಕೆ ಒಂದೇ ತುದಿಯಲ್ಲಿ. ಪೆಟ್ಟಿಗೆಯ ಮೇಲಿನ ಚಿತ್ರವನ್ನು ಓದದ ಮೇಸ್ತ್ರಿಗೆ ಈ ಕೆಲಸ ಒಪ್ಪಿಸುವುದು ತರವಲ್ಲ. ಬದಲಿಸಿದ ಪಟ್ಟಿಯ ಮೇಲೆ ‘ಹಳೆಯ ಟ್ಯೂಬು ಹಾಕಬಾರದು’ ಎಂದು ಕನ್ನಡದಲ್ಲಿಯೇ ಬರೆದು ಅಂಟಿಸುವುದು ಉಚಿತ.

2023ರಲ್ಲಿ ಜಿನೀವಾದಲ್ಲಿ ಸೇರಿದ ಮಿನಮಾಟ ಒಪ್ಪಂದದ ರಾಷ್ಟ್ರಗಳು 2027ರ ಹೊತ್ತಿಗೆ ಪ್ರತಿದೀಪ್ತಿ ಟ್ಯೂಬುಗಳ ತಯಾರಿಕೆಯನ್ನು ಮುಗಿಸಲು ನಿಶ್ಚಯಿಸಿದವು. ಕಾರಣ, ಒಳಗಿರುವ ಪಾದರಸ. ಇಳಿಸಿದ ಟ್ಯೂಬುಗಳನ್ನು ಹಿತ್ತಿಲಿನ ಗೋಡೆಗೆ ಆನಿಸಿಡದೆ, ಮಕ್ಕಳ ಕೈಗೆ ಸಿಗದಂತೆ ರಟ್ಟಿನಲ್ಲಿ ಸುತ್ತಿ ಇ-ತ್ಯಾಜ್ಯದವರಿಗೆ ಒಪ್ಪಿಸಬೇಕು. ಒಂದು ವೇಳೆ ಒಡೆದರೆ, ಕಿಟಕಿಗಳನ್ನು ತೆರೆದು ಸ್ವಲ್ಪ ಹೊತ್ತು ಹೊರಗಿರಿ. ಆಮೇಲೆ ಪೊರಕೆ ಮುಟ್ಟದೆ, ಗಟ್ಟಿ ಕಾಗದದಿಂದ ಚೂರುಗಳನ್ನು ಬಳಿದು ತೆಗೆಯಿರಿ.