ಏರಿಕೆ ತಗ್ಗಿತಂತೆ, ಬೆಲೆ ತಗ್ಗಿತೆ?

ಬೆಲೆ ಏರಿಕೆಯ ಪ್ರಮಾಣ ಇಳಿಯಿತೆಂದು ಅಧಿಕಾರಸ್ಥರು ಬೆನ್ನು ತಟ್ಟಿಕೊಂಡಾಗಲೆಲ್ಲ, ಬೆಲೆಯೇ ಇಳಿಯಿತೆಂಬ ಮಾತು ಊರೆಲ್ಲ ಹರಡುತ್ತದೆ. ಅದನ್ನು ನಂಬಿದ ಗಿರಣಿ ಕಾರ್ಮಿಕ ಚೀಲ ಹಿಡಿದು ಅಂಗಡಿಗೆ ಬರುತ್ತಾನೆ. ಬೇಳೆಯ ದರ ಇಳಿದಿಲ್ಲ. ಸಿಟ್ಟೆಲ್ಲ ಅಂಗಡಿಯವನ ಮೇಲೆ! ಬಡಪಾಯಿ ಅಂಗಡಿಯವನೋ ತಾನೇ ಹೆಚ್ಚಿನ ಬೆಲೆ ತೆತ್ತು ಮಾಲು ತಂದಿರುತ್ತಾನೆ. ಈ ಇಬ್ಬರ ನಡುವೆ ಜಗಳ ಹಚ್ಚಿದವರು ಯಾರು?

ಲೆಕ್ಕ ಬಿಚ್ಚಿ ನೋಡೋಣ. ಅಂಕಿಗಳು ಸರ್ಕಾರದವೇ, ನಮ್ಮವಲ್ಲ. ಚಿಲ್ಲರೆ ಬೆಲೆಗಳು ಸರಾಸರಿಯಲ್ಲಿ 2022-23ರಲ್ಲಿ ಶೇಕಡ 6.7, 2023-24ರಲ್ಲಿ 5.4, 2024-25ರಲ್ಲಿ 4.6ರಷ್ಟು ಏರಿದವು. ವರ್ಷದಿಂದ ವರ್ಷಕ್ಕೆ ಅಂಕಿ ಇಳಿದಿದೆ, ನಿಜ. ಆದರೆ 2021-22ರಲ್ಲಿ 100 ರೂಪಾಯಿಗೆ ಬರುತ್ತಿದ್ದ ಸಾಮಾನಿನ ಗತಿ ಏನಾಯಿತು? ಮೊದಲ ವರ್ಷ 106 ರೂಪಾಯಿ 70 ಪೈಸೆ. ಎರಡನೆಯ ವರ್ಷದ ಶೇಕಡ 5.4 ಹತ್ತಿದ್ದು ಮೊದಲಿನ ನೂರಕ್ಕಲ್ಲ, ಈ 106.70ಕ್ಕೆ, ಬೆಲೆ 112 ರೂಪಾಯಿ 46 ಪೈಸೆ. ಮೂರನೆಯ ವರ್ಷ ಸುಮಾರು 117 ರೂಪಾಯಿ 60 ಪೈಸೆ. ಕೊನೆಯ ಬೆಲೆಯಿಂದ ಮೊದಲ ಬೆಲೆ ಕಳೆಯಿರಿ, ವರ್ಷಗಳ ಸಂಖ್ಯೆಯಿಂದ ಭಾಗಿಸಿರಿ: ವರ್ಷಕ್ಕೆ ಸರಾಸರಿ 5 ರೂಪಾಯಿ 87 ಪೈಸೆಯ ಏರಿಕೆ. ಶಾಲೆಯ ಹುಡುಗರು ಮಾಡುವ ಲೆಕ್ಕವಿದು.

ಗಂಟೆಗೆ 60 ಕಿಲೋಮೀಟರ್ ಓಡುತ್ತಿದ್ದ ಬಸ್ಸು 40ಕ್ಕೆ ಇಳಿದರೆ ಹಿಂದಕ್ಕೆ ಚಲಿಸುತ್ತದೆಯೆ? ಮುಂದಕ್ಕೇ ಹೋಗುತ್ತದೆ, ಸ್ವಲ್ಪ ನಿಧಾನವಾಗಿ. ಬೆಲೆಯೂ ಹಾಗೆಯೇ. 2021-22ರಲ್ಲಿ ತಿಂಗಳಿಗೆ 15,000 ರೂಪಾಯಿ ಎಣಿಸುತ್ತಿದ್ದವನಿಗೆ ಅದೇ ಸಂಸಾರ ತೂಗಿಸಲು 2024-25ರಲ್ಲಿ 17,640 ಬೇಕಾಯಿತು. ಕೂಲಿ ಏರದಿದ್ದಲ್ಲಿ ಆ 2,640 ಎಲ್ಲಿಂದ ಬರಬೇಕು? ಮಕ್ಕಳ ಹಾಲಿನಿಂದ, ಇಲ್ಲವೆ ಅಂಗಡಿಯ ಸಾಲದ ಪುಸ್ತಕದಿಂದ.

ಸರಾಸರಿಗೆ ಇನ್ನೊಂದು ಗುಣವಿದೆ: ಅದು ಕೆಟ್ಟ ತಿಂಗಳುಗಳನ್ನು ಹೊದಿಕೆಯ ಕೆಳಗೆ ಮುಚ್ಚಿಡುತ್ತದೆ. 4.6 ಎಂದು ಹೊಗಳಿಸಿಕೊಂಡ ಅದೇ ವರ್ಷದಲ್ಲಿ, ದೀಪಾವಳಿಯ 2024ರ ಅಕ್ಟೋಬರಿನಲ್ಲಿ, ಏರಿಕೆ ಶೇಕಡ 6.21 ಇತ್ತು. ತರಕಾರಿಯೊಂದೇ ಹಿಂದಿನ ವರ್ಷದ ಅಕ್ಟೋಬರಿಗಿಂತ ಶೇಕಡ 42.18 ತುಟ್ಟಿ! ಹೊಟ್ಟೆ ವರ್ಷದ ಸರಾಸರಿಯನ್ನು ಉಣ್ಣುವುದಿಲ್ಲ, ಆಯಾ ದಿನದ ಊಟವನ್ನು ಉಣ್ಣುತ್ತದೆ. ಆ ವರ್ಷ ಕೇಂದ್ರ ಸರ್ಕಾರದ ನೌಕರರ ತುಟ್ಟಿಭತ್ಯೆ ಜನವರಿ, ಜುಲೈ ಎಂದು ಎರಡು ಸಲ ಏರಿತು. ಅವರ ಮೇಲೆ ನಮಗೆ ಅಸೂಯೆಯಿಲ್ಲ. ಅದು ಅವರ ಸಂಘಟನೆಯ ಫಲ. ಆದರೆ ನಮ್ಮ ರಾಜ್ಯದ ಕನಿಷ್ಠ ವೇತನದವನಿಗೆ ಏಪ್ರಿಲ್ 1ರಂದು ಒಂದೇ ಸಲ. ಅಕ್ಟೋಬರಿನ ಪೆಟ್ಟು ತಿಂದವನು ಮುಂದಿನ ಏಪ್ರಿಲಿನವರೆಗೆ ಕಾಯಬೇಕಾಯಿತು. ಇದಾವ ನ್ಯಾಯ?

ಮೂರು ತಿಂಗಳಿಗೊಮ್ಮೆ ತುಟ್ಟಿಭತ್ಯೆ ಪರಿಷ್ಕರಣೆಯಾಗಲೇಬೇಕು ಎಂಬುದು ನಮ್ಮ ಬೇಡಿಕೆ. ಮುಂದಿನ ಒಪ್ಪಂದದ ಮಾತುಕತೆಯಲ್ಲಿ ಮಾಲೀಕರು ಒಂದೇ ವರ್ಷದ ಶೇಕಡಾವಾರು ಹಾಳೆಯನ್ನು ಮುಂದೆ ಚಾಚಿದರೆ, ಯಾವ ತಿಂಗಳಿನಿಂದ ಯಾವ ತಿಂಗಳಿಗೆ ಎಂದು ಕೇಳಿರಿ. ಹಿಂದಿನ ಒಪ್ಪಂದದ ದಿನದಿಂದ ಲೆಕ್ಕ ಹಾಕಿಸಿರಿ. ವ್ಯಾಪಾರಿ ಬಂಧುಗಳೇ, ಆ ದಿನದ ದರದ ಚೀಟಿಗಳು ನಿಮ್ಮ ಹಳೆಯ ಕಡತಗಳಲ್ಲಿವೆ. ಅವನ್ನು ಹುಡುಕಿ ಕಾರ್ಮಿಕರ ಕೈಗೆ ಕೊಡಿರಿ.