ಆದೇಶಕ್ಕೆ ಸಂಖ್ಯೆಯಿದೆ, ಕಡತಕ್ಕೆ ಹೆಸರಿಲ್ಲ

ಸರ್ಕಾರಿ ಜಾಲತಾಣಗಳ ಹೊಣೆ ಹೊತ್ತ ಮಾನ್ಯ ಪ್ರಧಾನ ಕಾರ್ಯದರ್ಶಿಗಳಿಗೆ,

ಸಚಿವಾಲಯದಿಂದ ಯಾವ ಆದೇಶವೂ ಸಂಖ್ಯೆಯಿಲ್ಲದೆ ಹೊರಬೀಳುವುದಿಲ್ಲ. ಇಲಾಖೆಯ ಹ್ರಸ್ವನಾಮ, ಕ್ರಮಸಂಖ್ಯೆ, ಶಾಖೆ, ವರ್ಷ, ಆಮೇಲೆ ಬೆಂಗಳೂರು, ದಿನಾಂಕ. 'ಸಿಆಸುಇ' ಎಂದು ಕಂಡರೆ ಸಾಕು, ಅದು ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆಯದೆಂದು ಯಾವ ಗುಮಾಸ್ತರಾದರೂ ಹೇಳುತ್ತಾರೆ. ಅದೇ ಆದೇಶ ಜಾಲತಾಣಕ್ಕೆ ಏರುವಾಗ ಮಾತ್ರ 'ಸ್ಕ್ಯಾನ್ 003 ಫೈನಲ್ ನ್ಯೂ' ಆಗಿಬಿಡುತ್ತದೆ. ಕಾಗದದ ಮೇಲಿದ್ದ ಶಿಸ್ತು ಸ್ಕ್ಯಾನರ್ ದಾಟಿ ಬರುವುದಿಲ್ಲ.

ಹೊಸದೇನನ್ನೂ ಕಂಡುಹಿಡಿಯಬೇಕಿಲ್ಲ. ಆದೇಶದ ಸಂಖ್ಯೆಯೇ ಕಡತದ ಹೆಸರಾಗಲಿ. ದಿನಾಂಕದಲ್ಲಿ ವರ್ಷ ಮೊದಲು ಬರಲಿ: 2024-03-15. ಐಎಸ್‌ಒ 8601 ಹೇಳುವುದೂ ಇದನ್ನೇ. ಹೀಗೆ ಬರೆದರೆ ಕಡತಗಳು ತಾವಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ. ದಿನವನ್ನು ಮುಂದಿಟ್ಟರೆ ಎಲ್ಲ ತಿಂಗಳುಗಳ ಒಂದನೇ ತಾರೀಕು ಒಟ್ಟಿಗೆ ಗುಂಪುಗೂಡುತ್ತದೆ. ಪದಗಳ ನಡುವೆ ಖಾಲಿ ಜಾಗ ಬೇಡ. ವಿಳಾಸದಲ್ಲಿ ಅದು '%20' ಆಗುತ್ತದೆ, ವಾಟ್ಸ್‌ಆ್ಯಪ್‌ಗೆ ಖಾಲಿ ಜಾಗದೊಂದಿಗೇ ಅಂಟಿಸಿದರೆ ಕೊಂಡಿ ಅಲ್ಲಿಗೇ ತುಂಡಾಗುತ್ತದೆ. ಅಂಡರ್‌ಸ್ಕೋರ್ ಕೊಂಡಿಯ ಅಡಿಗೆರೆಯಲ್ಲಿ ಮುಚ್ಚಿಹೋಗುತ್ತದೆ, ಹೈಫನ್ ಸಾಕು. ಇನ್ನು ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ವಿಂಡೋಸ್‌ಗೆ ಒಂದೇ, ಲಿನಕ್ಸ್ ಸರ್ವರ್‌ಗೆ ಬೇರೆ ಬೇರೆ. ಆದ್ದರಿಂದ ಎಲ್ಲವೂ ಸಣ್ಣಕ್ಷರದಲ್ಲೇ ಇರಲಿ.

ಹಾಗಾದರೆ ಹೆಸರು ಕನ್ನಡದಲ್ಲಿ ಬೇಡವೇ ಎಂದು ಯಾರಾದರೂ ಸಿಟ್ಟಾಗಬಹುದು. ಪುಟದ ಶೀರ್ಷಿಕೆ, ಆದೇಶದ ವಿಷಯ, ಹುಡುಕುವ ಪಟ್ಟಿ ಎಲ್ಲವೂ ಕನ್ನಡದಲ್ಲೇ ಇರಬೇಕು, ಅದರಲ್ಲಿ ರಾಜಿಯಿಲ್ಲ. ಕಡತದ ಹೆಸರಿನ ಕಥೆ ಬೇರೆ. ಯೂನಿಕೋಡ್‌ನಲ್ಲಿ 'ಆದೇಶ' ಎಂದರೆ ನಾಲ್ಕು ಸಂಕೇತ: ಆ, ದ, ಏತ್ವ, ಶ. ಒಂದೊಂದೂ ಮೂರು ಬೈಟ್. ವಿಳಾಸವನ್ನು ನಕಲಿಸಿ ಬೇರೆಡೆ ಅಂಟಿಸಿದಾಗ ಪ್ರತಿ ಬೈಟ್ ಶೇಕಡಾ ಚಿಹ್ನೆ ಹೊತ್ತ ಮೂರಕ್ಷರವಾಗುವುದರಿಂದ, ಇಷ್ಟು ಪುಟ್ಟ ಪದಕ್ಕೆ 36 ಅಕ್ಷರಗಳ ಬಾಲ! ಅದಕ್ಕಿಂತ ತೊಡಕಿನ ಸಂಗತಿ ಇನ್ನೊಂದಿದೆ. ಅದೇ ಏತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವಕ್ಕೆ ದೀರ್ಘದ ಗುರುತು ಸೇರಿಸಿ ಎರಡಾಗಿಯೂ ಬರೆಯಬಹುದು. ಪರದೆಯ ಮೇಲೆ ಕೂದಲೆಳೆಯ ವ್ಯತ್ಯಾಸವೂ ಕಾಣದು. ಸರ್ವರ್‌ಗೆ ಮಾತ್ರ ಅವು ಎರಡು ಹೆಸರು. ಒಂದು ತೆರೆಯುತ್ತದೆ, ಇನ್ನೊಂದಕ್ಕೆ ಪುಟ ಸಿಗಲಿಲ್ಲವೆಂಬ '404' ಬರುತ್ತದೆ. ಟೈಪಿಸಿದವರ ತಪ್ಪೇನೂ ಇಲ್ಲ. ಈ ಕಾರಣಕ್ಕೇ ಕನ್ನಡದವನಾಗಿಯೂ ನಾನು ಕಡತಕ್ಕೆ ಬರಿಯ ರೋಮನ್ ಅಕ್ಷರ, ಅಂಕಿ, ಹೈಫನ್ ಸಾಕೆನ್ನುತ್ತೇನೆ.

ಹೆಸರು ಸರಿಹೋದರೂ ವಿಳಾಸ ನಿಲ್ಲದಿದ್ದರೆ ಪ್ರಯೋಜನವಿಲ್ಲ. ವೆಬ್ಬನ್ನು ರೂಪಿಸಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ ವಿಳಾಸ ಬದಲಿಸಬೇಡಿ, ಅದರೊಳಗೆ ತಂತ್ರಾಂಶದ ಗುರುತನ್ನೂ ತುರುಕಬೇಡಿ ಎಂದು ಬರೆದಿದ್ದರು. ನಮ್ಮಲ್ಲಿ ತಾಣಕ್ಕೆ ಹೊಸ ವಿನ್ಯಾಸ ಬಂತೆಂದರೆ ಹಳೆಯ ಕೊಂಡಿಗಳೆಲ್ಲ ಸತ್ತವೆಂದೇ ಅರ್ಥ. ರಿಟ್ ಅರ್ಜಿಯ ಅಡಿಟಿಪ್ಪಣಿಯಲ್ಲಿ, ಪಿಎಚ್‌ಡಿ ಪ್ರಬಂಧದಲ್ಲಿ ಆ ವಿಳಾಸ ಕೊಟ್ಟವರು ಏನು ಮಾಡಬೇಕು? ಹಳೆಯದರಿಂದ ಹೊಸದಕ್ಕೆ ದಾರಿ ತೋರಿಸುವ '301' ಎಂಬ ವ್ಯವಸ್ಥೆ ಇದ್ದೇ ಇದೆ. ದಾಖಲೆಗಳನ್ನು ಸೂಚಿ ಸಮೇತ, ಮಾಹಿತಿ ಸುಲಭವಾಗಿ ದೊರೆಯುವಂತೆ ಇಡಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಎ) ಕಲಮು ಹೇಳುವುದು ತಮಗೆ ತಿಳಿಯದ್ದೇನಲ್ಲ.

ಹೆಸರಿಡುವ ಕ್ರಮಕ್ಕೆ ಒಂದು ಪುಟದ ಸುತ್ತೋಲೆ ಸಾಕು. ವಿಳಾಸಗಳಿಗೆ ಮಾತ್ರ ತಾಣದ ಮರುವಿನ್ಯಾಸದ ಟೆಂಡರ್‌ನಲ್ಲೇ ಒಂದು ಷರತ್ತು ಬೇಕು: ಹಳೆಯ ವಿಳಾಸಗಳ ಪೂರ್ತಿ ಪಟ್ಟಿ ಒಪ್ಪಿಸಿ, ಅವೆಲ್ಲ ತೆರೆಯುತ್ತವೆಂದು ತೋರಿಸುವ ತನಕ ಗುತ್ತಿಗೆದಾರರಿಗೆ ಕೊನೆಯ ಕಂತು ಬಿಡುಗಡೆಯಾಗಕೂಡದು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಾಗರಿಕ