ಆರತಿ ಹಿಡಿಲಿಕ್ಕೆ ನಾವು, ಗಾಡಿ ಆರಸಲಿಕ್ಕೆ ಬರೇ ಅವರು?

ದಸರಾ, ದೀಪಾವಳಿ ಹತ್ರ ಬಂತು ಅಂದ್ರ ನಮ್ಮ ಹುಬ್ಬಳ್ಳಿ-ಧಾರವಾಡದ ಗಂಡಸರಿಗೆ ಗಾಡಿ ತಗೋಳೋ ಹುಕಿ ಬರ್ತದ. ತಗೋಳಲಿ, ನಾ ಬ್ಯಾಡ ಅನ್ನಂಗಿಲ್ಲ. ದುಡದಾರ, ಆಶಾ ಪಟ್ಟಾರ. ಆದ್ರ ಮೂರ ತಿಂಗಳ ಮೊಬೈಲಿನ್ಯಾಗ ವಿಡಿಯೋ ನೋಡಿ, ಗೆಳ್ಯಾರ ಜೋಡಿ ವಾದಾ ಮಾಡಿ, ಶೋರೂಮಿಗೆ ನಾಕ ಸರ್ತೆ ಹೋಗಿ ಬಂದು, ಎಲ್ಲಾ ಮುಗದ ಮ್ಯಾಲೆ ಮನಿ ಹೆಣ್ಮಕ್ಕಳನ್ನ ಕರಿಯೋದು ಯಾತಕ್ಕ? ಆರತಿ ತಾಟು ಹಿಡಿಲಿಕ್ಕೆ, ಗಾಲಿ ಕೆಳಗ ಲಿಂಬಿಹಣ್ಣ ಇಡಲಿಕ್ಕೆ. ಭಾಳಂದ್ರ "ಬಣ್ಣ ಯಾವದು ಬೇಕು ಹೇಳು" ಅಂತಾರ. ಇದರ ಮ್ಯಾಲೆ ನಂದು ಜಗಳ ಅದ. ಇವತ್ತ ಅದನ್ನ ಪೂರ್ತಿ ಮಾಡೇ ಏಳಾಕಿ ನಾ.

ಜಗಳಾ ಎಲ್ಲಿಂದ ಶುರು ಆತು ಅಂದ್ರ, ನಮ್ಮ ಬಳಗದೊಳಗ ಒಬ್ಬ ಹುಡುಗಾ 70 ಲಕ್ಷದ ಗಾಡಿ ತಗೋಳಿಕ್ಕೆ ನಿಂತಾನ. ಹೆಸರು ಹೇಳಂಗಿಲ್ಲ. ಇದನ್ನ ಓದಿದ್ರ ಅವಂಗ ತಿಳೀತದ, ತಿಳೀಲಿ ಅಂತನ ಬರದೇನಿ. ಧಂದೆ ಛಲೋ ನಡದದ, ಹುಡುಗಾನೂ ಒಳ್ಳೇವ. ಅವನ ಯಾದಿಯೊಳಗ ಮೂರ ಗಾಡಿ ಅವ: ಬಿಎಂಡಬ್ಲ್ಯೂ ಎಂ340ಐ, ಮರ್ಸಿಡಿಸ್ ಜಿಎಲ್‌ಸಿ, ವೋಲ್ವೋ ಎಕ್ಸ್‌ಸಿ60. ಮೊದಲನೇದು ನೆಲಕ್ಕ ಹತ್ತಿ ಕೂಡೋ, ಜೋರ ಓಡೋ ಸೆಡಾನ್. ಉಳದೆರಡು ಎತ್ತರದ ಎಸ್‌ಯುವಿ. ಒಂದು ಚೆನ್ನೈ ಹತ್ರ ತಯಾರಾಗ್ತದ, ಒಂದು ಪುಣೆ ಹತ್ರ ಚಾಕಣದಾಗ, ಒಂದು ನಮ್ಮ ಹೊಸಕೋಟೆಯೊಳಗ. ಮೂರರ ರೇಟೂ 70 ಲಕ್ಷದ ಆಸುಪಾಸು.

ಇವನ್ನ ಹೋಲಿಸಿ ನೋಡಲಿಕ್ಕೆ ಅಂವಾ ಒಂದು ಕಾಗದದ ಮ್ಯಾಲೆ ಪಟ್ಟಿ ಮಾಡ್ಯಾನ. ಎಷ್ಟು ಹಾರ್ಸ್‌ಪವರ್, ನೂರರ ಸ್ಪೀಡಿಗೆ ಎಷ್ಟು ಸೆಕೆಂಡು, ಟಾಪ್ ಸ್ಪೀಡ್ ಎಷ್ಟು, ಟಿವಿಯಂಥಾ ಸ್ಕ್ರೀನು ಎಷ್ಟು ಇಂಚು. ಆ ಪಟ್ಟಿಯೊಳಗ ಅವರವ್ವನ ಮೊಣಕಾಲ ಇಲ್ಲ. ಎರಡ ಸಣ್ಣ ಮಕ್ಕಳಿಲ್ಲ. ಹೆಂಡ್ತಿ ಹೆಸರಿನ ಪ್ಲಾಟೂ ಇಲ್ಲ. ಆ ಪ್ಲಾಟು ಆಕಿ ತವರಮನಿಯವರು ಕೊಟ್ಟದ್ದು. ಅದನ್ನ ಮಾರಿದ್ರ ಮುಂಗಡ ರೊಕ್ಕ ಹೊಂದಸ್ತದ ಅನ್ನೋ ಮಾತು ಮನಿಯೊಳಗ ನಡದದ. ಆಕಿ ಬಾಯಿ ಬಿಚ್ಚಿ ಏನೂ ಅಂದಿಲ್ಲ. ಅದಕ್ಕ ನಾ ಅಂತೇನಿ.

ಮೊದಲ ಆ ಸೆಕೆಂಡಿನ ಲೆಕ್ಕಾ ನೋಡೋಣು. ಎಂ340ಐ ನಿಂತ ಜಾಗಾದಿಂದ 100ರ ಸ್ಪೀಡಿಗೆ 4.4 ಸೆಕೆಂಡಿನ್ಯಾಗ ಹೋಗ್ತದ. ವೋಲ್ವೋಕ್ಕ ಸುಮಾರು 7 ಸೆಕೆಂಡು ಬೇಕು. ಅಂದ್ರ ಫರಕು ಎರಡೂವರೆ ಸೆಕೆಂಡು. ಅಷ್ಟರಾಗ ಒಗ್ಗರಣಿ ಸೌಟಿನ್ಯಾಗ ಸಾಸಿವಿ ಸೈತ ಸಿಡಿಯಂಗಿಲ್ಲ. ಆ ಎರಡೂವರೆ ಸೆಕೆಂಡು ಉಳಿಸಿ ಇವರು ಎಲ್ಲಿಗೆ ಹೋಗ್ಯಾರು? ಧಾರವಾಡದಿಂದ ಹುಬ್ಬಳ್ಳಿ ಅಂಗಡಿಗೆ. ನಡುವ ಸಿಗ್ನಲ್ಲು, ದನಾ, ಆಟೋ, ತಪ್ಪು ದಿಕ್ಕಿನಿಂದ ಬರೋ ಸ್ಕೂಟರು. ಆ ಗಾಡಿ 250ರ ತನಕ ಓಡ್ತದಂತ. ಬೆಂಗಳೂರು-ಮೈಸೂರು ಹೆದ್ದಾರಿಯಂಥಾ ರಸ್ತಾದಾಗೂ ಕಾರಿಗೆ ಮಿತಿ 100. 130 ದಾಟಿದ್ರ ಎಫ್‌ಐಆರ್ ಹಾಕ್ತೇವಿ ಅಂತ ನಮ್ಮ ರಾಜ್ಯದ ಪೊಲೀಸರು 2024ರಾಗ ಹೇಳ್ಯಾರ. ಹಂಗಾದ್ರ ಉಳದ 120 ಕಿಲೋಮೀಟರ ಸ್ಪೀಡಿಗೆ ನಾವು ಯಾಕ ರೊಕ್ಕ ಕೊಡೋದು? ಅಟ್ಟದ ಮ್ಯಾಲೆ ಇಟ್ಟು ಪೂಜಾ ಮಾಡಲಿಕ್ಕೇನು? ಆ ವೋಲ್ವೋ ಕಂಪನಿನ 2020ರಿಂದ ತನ್ನ ಹೊಸಾ ಗಾಡಿಗಳನ್ನ 180ಕ್ಕ ನಿಲ್ಲಿಸ್ಯದ. ಗಾಡಿ ಮಾಡೋರಿಗೆ ಬಂದ ಬುದ್ಧಿ ಕೊಳ್ಳೋರಿಗೆ ಬರಬಾರದೇನು?

"ಸ್ಪೀಡಿಗಲ್ಲ, ಓವರ್‌ಟೇಕ್ ಮಾಡಲಿಕ್ಕೆ ಪವರ್ ಬೇಕು" ಅಂತ ಹೇಳ್ತಾರ. ಒಪ್ಪಿದೆ. ಯಲ್ಲಾಪುರದ ಆ ಕಡೆ ಅರಬೈಲ ಘಾಟಿನ್ಯಾಗ ಲಾರಿ ಹಿಂದ ಸಿಕ್ಕೊಂಡಾಗ ಗಾಡಿಗೆ ಜೀವ ಇರಬೇಕು. ಆದ್ರ ಈ ಎಸ್‌ಯುವಿಗಳ ಸಾದಾ ಇಂಜಿನ್ನಿಗೇ 200ರ ಆಸುಪಾಸು, ಕೆಲವಕ್ಕ 250 ಹಾರ್ಸ್‌ಪವರ್ ಇರ್ತದ. ಘಾಟು ಹತ್ತಲಿಕ್ಕೆ ಅದು ಧಾರಾಳಾತು. ಅದರ ಮ್ಯಾಲಿಂದು ಘಾಟಿಗಲ್ಲ, ಗೆಳ್ಯಾರ ಮುಂದ ಹೇಳ್ಕೊಳ್ಳಿಕ್ಕೆ. 2021ರ ಸಂಕ್ರಮಣದ ಮರುದಿನ ದಾವಣಗೆರಿಯ ಗೆಳತ್ಯಾರು ಗೋವಾಕ್ಕ ಹೊಂಟಾಗ ನಮ್ಮ ಇಟಗಟ್ಟಿ ಹತ್ರ ಬೈಪಾಸಿನ್ಯಾಗ ಹೋಗಿಬಿಟ್ಟದ್ದು ನಮ್ಮ್ಯಾರಿಗೂ ಮರ್ತಿಲ್ಲ. ಆ ರಸ್ತಾ ನೆನಪಿರೋ ಹೆಣ್ಮಗಳಿಗೆ "ಎಷ್ಟು ಸೆಕೆಂಡಿಗೆ ನೂರು" ಅಂದ್ರ ಖುಷಿ ಆಗಂಗಿಲ್ಲ, ಹೊಟ್ಯಾಗ ಕಲಸ್ತದ. 100ರ ಸ್ಪೀಡಿನ್ಯಾಗ ಗಾಡಿ ಒಂದ ಸೆಕೆಂಡಿಗೆ 28 ಮೀಟರ ದಾಟ್ತದ. ಸ್ಪೀಡು ಎರಡ ಪಟ್ಟಾದ್ರ ಬ್ರೇಕ್ ಹಾಕಿದ ಮ್ಯಾಲೆ ನಿಲ್ಲಲಿಕ್ಕೆ ನಾಕ ಪಟ್ಟು ಜಾಗಾ ಬೇಕು. ನಾ ಓದಿದ್ದು ಪಿಯುಸಿ ಅಷ್ಟ, ಆದ್ರ ಇಷ್ಟು ಫಿಜಿಕ್ಸ್ ನನಗೂ ಬರ್ತದ.

ಇನ್ನ ರಸ್ತಾ. ಹಂಪ್ ಅಂದ್ರ 10 ಸೆಂಟಿಮೀಟರ ಎತ್ತರ, 3.7 ಮೀಟರ ಅಗಲ, ಗುಂಡಗ ಇರಬೇಕು ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನವರು ಅಳತಿ ಹಾಕಿ ಇಟ್ಟಾರ. ನಮ್ಮ ಓಣ್ಯಾಗಿನ ಹಂಪ್ ಆ ಅಳತೀಗೆ ಅದ ಏನು? ಯಾರೋ ರಾತ್ರೋರಾತ್ರಿ ಸಿಮೆಂಟ್ ಸುರದು ಗ್ವಾಡಿ ಕಟ್ಟಿದಂಗ ಕಟ್ಟ್ಯಾರ. ಇಂಥಾ ಸ್ಪೋರ್ಟ್ಸ್ ಸೆಡಾನಿನ ಹೊಟ್ಟಿಗೂ ನೆಲಕ್ಕೂ ಒಂದು ಗೇಣು ಸೈತ ಇರಂಗಿಲ್ಲ. ಐದ ಮಂದಿ ಕೂತು, ಡಿಕ್ಕಿಯೊಳಗ ಅಕ್ಕಿ ಚೀಲಾ ಇಟ್ಟಾಗ ಇನ್ನೂ ಕೆಳಗ ಇಳೀತದ. ಟೈರಂತೂ ಬಳಿ ತೊಟ್ಟಂಗ, ದೊಡ್ಡ ಗಾಲಿ ಮ್ಯಾಲೆ ತೆಳ್ಳನ್ನ ರಬ್ಬರು. ತೆಗ್ಗಿನ್ಯಾಗ ಧಡ್ ಅಂದ್ರ ಮಗ್ಗಲಕ ಕೊಯ್ತದ. ಕೆಲವು ಗಾಡಿಯೊಳಗ ಸ್ಟೆಪ್ನಿನ ಇರಂಗಿಲ್ಲ, 'ರನ್‌ಫ್ಲಾಟ್' ಟೈರ್ ಕೊಟ್ಟೇವಿ ಅಂತಾರ. ಗಾಳಿ ಹೋದ ಮ್ಯಾಲೂ ಅದು ಓಡ್ತದ ಖರೇ, ಆದ್ರ 80ರ ಒಳಗಿನ ಸ್ಪೀಡಿನ್ಯಾಗ ಸುಮಾರು 80 ಕಿಲೋಮೀಟರ ಅಷ್ಟ. ಎಲ್ಲಮ್ಮನ ಗುಡ್ಡಕ್ಕೋ ಮಂತ್ರಾಲಯಕ್ಕೋ ಹೊಂಟಾಗ ರಾತ್ರಿ ಹಂಗಾದ್ರ ಆ ಅಳತಿ ಟೈರು ಯಾವ ಊರಾಗ ಸಿಗ್ತದ, ಮಕ್ಕಳನ್ನ ಕಟ್ಕೊಂಡು ಎಲ್ಲಿ ಕೂಡೋದು? ಇದು ಅವನ ಪಟ್ಟಿಯೊಳಗ ಇಲ್ಲ.

ಹಂಗಂತ "ಎಸ್‌ಯುವಿ ತಗೋ, ಎತ್ತರ ಅದ, ಸೇಫ್" ಅಂತ ಕಣ್ಣ ಮುಚ್ಚಿ ಹೇಳಾಕಿ ನಾ ಅಲ್ಲ. ಎತ್ತರದ ಗಾಡಿಗೆ ಉಳ್ಳೋ ಅಪಾಯ ಹೆಚ್ಚು. ದೊಡ್ಡ ಬಾನೆಟ್ಟಿನ ಮುಂದ ನಿಂತ ಸಣ್ಣ ಕೂಸು ಡ್ರೈವರಿಗೆ ಕಾಣಂಗಿಲ್ಲ. ನಮ್ಮ ಓಣ್ಯಾಗ ಮಕ್ಕಳು ಆಡೋದೇ ಗಾಡಿ ನಿಲ್ಲಿಸೋ ಜಾಗಾದಾಗ. ಸುತ್ತ ನಾಕೂ ಕಡೆ ತೋರಸೋ ಕ್ಯಾಮೆರಾ ಅದನೋ ಇಲ್ಲೋ ಅಂತ ಕೇಳೋದು ಹಾರ್ಸ್‌ಪವರ್ ಕೇಳೋದಕ್ಕಿಂತ ಮುಖ್ಯ. ಮತ್ತ ಎಷ್ಟ ದುಬಾರಿ ಎಸ್‌ಯುವಿ ಇದ್ರೂ ಹಿಂದ ಕೂತವರು ಬೆಲ್ಟ್ ಹಾಕಲಿಲ್ಲ ಅಂದ್ರ ಅದು ಬರೇ ತಗಡು. 2022ರ ಸೆಪ್ಟೆಂಬರ್ 4ಕ್ಕ ಪಾಲಘರ ಹತ್ರ ಸೈರಸ್ ಮಿಸ್ತ್ರಿಯವರು ತೀರ್ಕೊಂಡದ್ದು ಜಿಎಲ್‌ಸಿ ಗಾಡಿಯೊಳಗ. ಹಿಂದ ಕೂತ ಇಬ್ಬರೂ ಹೋದ್ರು, ಮುಂದಿನ ಇಬ್ಬರು ಗಾಯಾ ಆದ್ರೂ ಉಳದ್ರು. ಹಿಂದಿನವರು ಬೆಲ್ಟ್ ಹಾಕಿರಲಿಲ್ಲ ಅಂತ ಪೊಲೀಸರು ಹೇಳಿದ್ರು. ಗಾಡಿ ಹೆಸರು ನೋಡಿ ಅಪಘಾತ ಹೊಳ್ಳಿ ಹೋಗಂಗಿಲ್ಲ.

ಹಿಂದಿನ ಸೀಟು ಯಾರದು? ನಮ್ಮದು. ಅತ್ತಿ, ಸೊಸಿ, ಮಕ್ಕಳು, ಬುತ್ತಿ ಡಬ್ಬಿ, ನೀರಿನ ಬಾಟ್ಲಿ ಎಲ್ಲಾ ಹಿಂದ. ಹೋಲಿಸೋದು ಮಾತ್ರ ಮುಂದಿನ ಸೀಟಿನವರು! ಸೆಡಾನಿನ್ಯಾಗ ಸೀಟು ಎಷ್ಟ ಕೆಳಗ ಅಂದ್ರ ಮೊಣಕಾಲ ನೋವಿನಾಕಿ ಕೂತ್ರ ಏಳಲಿಕ್ಕೆ ಇಬ್ಬರು ಬೇಕು. ಕೆಲವು ಎಸ್‌ಯುವಿ ಅಷ್ಟ ಎತ್ತರ, ಸೀರಿ ಉಟ್ಟಾಕಿ ಏಣಿ ಹತ್ತಿದಂಗ ಹತ್ತಬೇಕು. ಸೀಟು ಸೊಂಟದ ಸಮ ಇದ್ರ ಛಲೋ, ತಿರುಗಿ ಕೂತ್ರ ಆತು. ಮೂರೂ ಗಾಡಿಯೊಳಗ ಹಿಂದ ನಡುವ ಕೂತವರ ಕಾಲ ಬುಡಕ ಒಂದು ದಿಣ್ಣಿ ಇರ್ತದ. ಅಲ್ಲಿ ಯಾರನ್ನ ಕೂಡಸ್ತಾರ? ಮನ್ಯಾಗಿನ ಬಾಯಿಲ್ಲದಾಕೀನ್ನ. 70 ಲಕ್ಷಕ್ಕ ಐದ ಮಂದಿ. ಬಿಡದಿಯೊಳಗ ಮಾಡೋ ಇನ್ನೋವಾದಾಗ ಅದರ ಅರ್ಧ ರೊಕ್ಕಕ್ಕ ಏಳ ಮಂದಿ ಆರಾಮ ಕೂಡ್ತಾರ.

ಇನ್ನೊಂದು ಮಾತು ಕೇಳ್ರಿ. ಗಾಡಿ ಗುದ್ದಿಸಿ ಪರೀಕ್ಷಾ ಮಾಡ್ತಾರಲ್ಲ, ಅದರೊಳಗ ಕೂಡಸೋ ಗೊಂಬಿ ವರ್ಷಾನುಗಟ್ಲೆ ಹೆಚ್ಚಾಗಿ ನಡುತರದ ಗಂಡಸಿನ ಅಳತೀದು. ನಡುತರದ ಹೆಂಗಸಿನ ಅಳತಿ ಹಿಡದು, 162 ಸೆಂಟಿಮೀಟರ ಎತ್ತರ, 62 ಕೆ.ಜಿ. ತೂಕದ ಗೊಂಬಿಯನ್ನ ಸ್ವೀಡನ್ನಿನ ಆಸ್ಟ್ರಿಡ್ ಲಿಂಡರ್ ಅನ್ನೋ ಹೆಣ್ಮಗಳ ತಂಡ ಮಂದಿ ಮುಂದ ಇಟ್ಟದ್ದು 2022ರಾಗ! ಕಾರು ಹುಟ್ಟಿ ನೂರಾ ಮೂವತ್ತು ವರ್ಷ ದಾಟಿದ ಮ್ಯಾಲೆ ನಮ್ಮ ಮೈ ಅಳತಿ ನೆನಪಾತು. ಅದಕ್ಕ ಶೋರೂಮಿನ್ಯಾಗ ನಾವು ಸ್ವತಃ ಕೂತು ಬೆಲ್ಟ್ ಹಾಕಿ ನೋಡಬೇಕು. ಮ್ಯಾಲಿನ ಪಟ್ಟಿ ಕುತಿಗಿಗೆ ಕೊಯ್ಯಬಾರದು, ಭುಜದ ಮ್ಯಾಲೆ ಬರಬೇಕು. ಕೆಳಗಿಂದು ಹೊಟ್ಟಿ ಮ್ಯಾಲಲ್ಲ, ಸೊಂಟದ ಎಲುವಿನ ಮ್ಯಾಲೆ ಕೂಡಬೇಕು. ಬಸರಿದ್ದಾಕಿಗಂತೂ ಇದು ಭಾಳ ಮುಖ್ಯ.

ಈಗ ರೊಕ್ಕದ ಲೆಕ್ಕಾ. 70 ಲಕ್ಷದ ಗಾಡಿ 70ಕ್ಕ ಮನಿಗೆ ಬರಂಗಿಲ್ಲ. ನಮ್ಮ ರಾಜ್ಯದಾಗ 20 ಲಕ್ಷದ ಮ್ಯಾಲಿನ ಪೆಟ್ರೋಲ್, ಡೀಸೆಲ್ ಕಾರಿಗೆ ಲೈಫ್ ಟ್ಯಾಕ್ಸ್ 18 ಪರ್ಸೆಂಟು, ಆ ಟ್ಯಾಕ್ಸಿನ ಮ್ಯಾಲೆ 11 ಪರ್ಸೆಂಟು ಸೆಸ್. ಎರಡೂ ಕೂಡಿ ಹತ್ತ್ಹತ್ರ 14 ಲಕ್ಷ. ಇನ್ಶೂರೆನ್ಸ್ ಮತ್ತೊಂದು ಎರಡ-ಮೂರ ಲಕ್ಷ. ಅಲ್ಲಿಗೆ 87 ಆತು. ಅದರೊಳಗ 50 ಲಕ್ಷ ಸಾಲಾ, 9 ಪರ್ಸೆಂಟ್ ಬಡ್ಡಿ, ಏಳ ವರ್ಷ ಅಂತ ಹಿಡೀರಿ: ತಿಂಗಳಿಗೆ 80 ಸಾವಿರ ಕಂತು, ಬಡ್ಡೀನ ಹದಿನೇಳೂವರೆ ಲಕ್ಷ. ಉಳದ 37 ಲಕ್ಷಕ್ಕ ಆಕಿ ಪ್ಲಾಟು. ಪೆಟ್ರೋಲು, ಸರ್ವಿಸು ಬ್ಯಾರೆ. ಇನ್ಶೂರೆನ್ಸಿನವರ ಕೋಷ್ಟಕದಾಗ ಒಂದ ವರ್ಷ ದಾಟಿದ ಗಾಡಿಗೆ ಬೆಲಿ 20 ಪರ್ಸೆಂಟ್ ಕಡಿಮಿ, ನಾಕ ದಾಟಿದ್ರ ಅರ್ಧ. ಸಾಲದ ಕಂತು ಮುಗಿಯೋಕಿಂತ ಮೊದಲ ಗಾಡಿ ಅರ್ಧಕ್ಕ ಬಂದಿರ್ತದ. ಪ್ಲಾಟು ಇದ್ದಲ್ಲೇ ಇರ್ತದ. ಒಮ್ಮೆ ಮಾರಿದ್ರ ಆ ಮನ್ಯಾಗ ಆಕಿ ಹೆಸರಿನ್ಯಾಗ ಉಳಿಯೋದು ಏನು? ರೇಷನ್ ಕಾರ್ಡು.

"ಕಾರಿನ ವಿಷಯ ನಿಮಗೇನ ತಿಳೀತದ" ಅನ್ನೋರಿಗೆ ಒಂದು ಹಳೇ ಕಥಿ ಹೇಳ್ತೇನಿ, ಖರೇ ಕಥಿ. ಮರ್ಸಿಡಿಸ್ ಬೆಂಝ್ ಅಂತ ಮೀಸಿ ತಿರುವ್ತಾರಲ್ಲ, ಆ ಬೆಂಝ್ ಜರ್ಮನಿಯ ಕಾರ್ಲ್ ಬೆಂಝ್. ಅವನ ಧಂದೆಕ್ಕ ರೊಕ್ಕ ಹಾಕಿದಾಕಿ ಅವನ ಹೆಂಡ್ತಿ ಬರ್ಥಾ, ತವರಿಂದ ಬಂದ ರೊಕ್ಕದಾಗ. ಅಂವಾ ಮೂರ ಗಾಲಿ ಮೋಟಾರ್ ಗಾಡಿ ಮಾಡಿದ, ಆದ್ರ ದೂರ ಓಡಿಸಿ ತೋರಿಸಲಿಕ್ಕೆ ಅಂಜಿಕಿ. 1888ರ ಆಗಸ್ಟಿನ್ಯಾಗ ಈಕಿ ಗಂಡಗ ಹೇಳದನ, ಇಬ್ಬರು ಗಂಡ ಹುಡುಗರನ್ನ ಕೂಡಿಸ್ಕೊಂಡು ಮ್ಯಾನ್‌ಹೈಮಿನಿಂದ ಪೋರ್ಟ್ಸ್‌ಹೈಮಿಗೆ, ಸುಮಾರು 100 ಕಿಲೋಮೀಟರ, ತವರಮನಿಗೆ ಹೋದ್ಲು. ದಾರ್‍ಯಾಗ ಇಂಧನದ ಕೊಳಿವಿ ಕಟ್ಟಿದಾಗ ಟೋಪಿಗೆ ಚುಚ್ಚೋ ಪಿನ್ನಿನಿಂದ ಬಿಡಿಸಿದ್ಲು. ಇಂಧನಾ ಔಷಧಿ ಅಂಗಡ್ಯಾಗ ಕೊಂಡ್ಲು. ಬ್ರೇಕ್ ಸವದಾಗ ಚಮ್ಮಾರನ ಕಡಿಂದ ಚರ್ಮ ಹೊಡಿಸಿದ್ಲು. ಹೊಳ್ಳಿ ಬಂದು, ಏರು ಹತ್ತಲಿಕ್ಕೆ ಇನ್ನೊಂದು ಗೇರ್ ಬೇಕು ಅಂತ ಗಂಡಗ ಹೇಳಿದ್ಲು. ಜಗತ್ತಿನ ಮೊದಲ ದೂರದ ಟೆಸ್ಟ್ ಡ್ರೈವ್ ಮಾಡಿದಾಕಿ ಒಬ್ಬ ಗೃಹಿಣಿ. ಆಕಿ ಎಷ್ಟು ಸೆಕೆಂಡಿಗೆ ಎಷ್ಟು ಅಂತ ನೋಡಲಿಲ್ಲ. ಏರು ಹತ್ತತದೋ ಇಲ್ಲೋ, ನಿಲ್ಲಂದ್ರ ನಿಲ್ತದೋ ಇಲ್ಲೋ ಅಂತ ನೋಡಿದ್ಲು.

ನಾವೂ ಅದನ್ನ ನೋಡೋಣು. ಟೆಸ್ಟ್ ಡ್ರೈವಿಗೆ ಅತ್ತಿ, ಸೊಸಿ, ಮಕ್ಕಳು ಎಲ್ಲಾರೂ ಹೋಗ್ರಿ, ಶೋರೂಮಿನವರು ತೋರಿಸೋ ಸಪಾಟ ರಸ್ತಾದಾಗಲ್ಲ, ನಮ್ಮ ಓಣಿ ತನಕ ತರಿಸ್ರಿ. ಹಿಂದಿನ ಸೀಟಿನ್ಯಾಗ ಅರ್ಧಾ ತಾಸು ಕೂತು ನೋಡ್ರಿ. ಸ್ಟೆಪ್ನಿ ತೋರಸು ಅನ್ರಿ. ಐದ ವರ್ಷದ ಖರ್ಚು ಒಂದು ಹಾಳಿ ಮ್ಯಾಲೆ ಬರದು ಕೊಡು ಅಂತ ಮನಿ ಗಂಡಸರಿಗೆ ಹೇಳ್ರಿ. ಕಾರು ತಗೊಂಡಾಗ 1 ಪರ್ಸೆಂಟ್ ಟಿಸಿಎಸ್ ಅಂತ ಹಿಡೀತಾರ, ಅದನ್ನ ರಿಟರ್ನಿನ್ಯಾಗ ತೋರಿಸಿ ಹೊಂದಿಸ್ಕೊಳ್ಳೋದು ಮರೀಬ್ಯಾಡ ಅಂತನೂ ಹೇಳ್ರಿ, ನಾವೂ ಬರೇ ಬೈಯೋರಲ್ಲ ಅಂತ ತಿಳೀಲಿ.

ಮತ್ತ ಆ ಹುಡುಗನ ಹೆಂಡ್ತಿಗೆ, ನನ್ನ ಮಗಳಿದ್ದಂಗ ಅಂತ ತಿಳದು, ಒಂದ ಮಾತು. ಗಾಡಿ ಯಾವದರ ಬರಲಿ. ಕೈಯಾಗಿನ ರೊಕ್ಕದಾಗ, ಹೊರೋ ಅಷ್ಟ ಸಾಲದಾಗ ಬರಲಿ. ಪ್ಲಾಟಿನ ಕಾಗದಪತ್ರ ಮಾತ್ರ ನಿನ್ನ ಟ್ರಂಕಿನ್ಯಾಗ ಇರಲಿ ಅವ್ವಾ, ಕೀಲಿ ನಿನ್ನ ಕೈಯಾಗ.